ಮಾಯೆ ಅನಿರ್ವಚನೀಯ, ಪ್ರೇಮ ಅನಿರ್ವಚನೀಯ, ಬ್ರಹ್ಮವೂ ಅನಿರ್ವಚನೀಯವಾ?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಭಾನುವಾರ ಸಂಜೆ ಕೆಲವರು ಸೇರಿ ನಾರದ ಭಕ್ತಿಸೂತ್ರ ಓದುತ್ತೇವೆ. ಈಗ 51ನೇ ಸೂತ್ರದ ಹತ್ತಿರ ಗಾಡಿ ನಿಂತಿದೆ. "ಅನಿರ್ವಚನೀಯಂ ಪ್ರೇಮಸ್ವರೂಪಮ್." ಪ್ರೇಮ ಎಂಥದ್ದು ಅಂತ ಹೇಳಲಿಕ್ಕೆ ಬರುವುದಿಲ್ಲ, ಅಷ್ಟೇ ಅಂದುಕೊಂಡು ನಾನು ಮುಂದೆ ಹೋಗುತ್ತಿದ್ದೆ. ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರೆ, ವೇದಾಂತ ಚೆನ್ನಾಗಿ ಓದಿಕೊಂಡವರು. "ಅನಿರ್ವಚನೀಯ ಅನ್ನುವುದು ಮಾಯೆಗೆ ಹೇಳುವ ಮಾತು ಕಣಪ್ಪ, ಪ್ರೇಮಕ್ಕೆ ಯಾಕೆ ಹಚ್ಚಿದರು?" ಅಂತ ಕೇಳಿದರು. ಇನ್ನೊಬ್ಬರು ತಕ್ಷಣ, ಬ್ರಹ್ಮವೇ ಅನಿರ್ವಚನೀಯ ಅಂತ ಪ್ರವಚನದಲ್ಲಿ ಕೇಳಿದ್ದೇನೆ ಅಂದರು. ಅಲ್ಲಿಗೆ ಓದು ಮುಗಿಯಿತು, ವಾದ ಶುರುವಾಯಿತು.

ಅವಾಚ್ಯ (ಹೇಳಲಾಗದ್ದು), ಅನಿರ್ವಚನೀಯ, ಅವಾಙ್ಮನಸಗೋಚರ (ಮಾತಿಗೂ ಮನಸ್ಸಿಗೂ ನಿಲುಕದ್ದು), ಸ್ವಸಂವೇದ್ಯ (ತಾನೇ ಅನುಭವಿಸಿ ತಿಳಿಯಬೇಕಾದ್ದು)... ಇವೆಲ್ಲ ಒಂದೇನಾ, ಬೇರೆ ಬೇರೆನಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಕಾಫಿತೋಟ:
ಅವಾಚ್ಯ ಅಂದರೆ ನಮ್ಮ ಪೇಪರಿನವರಿಗೆ ಒಂದೇ ಅರ್ಥ. "ಅವಾಚ್ಯ ಶಬ್ದಗಳಿಂದ ನಿಂದಿಸಿ ಹಲ್ಲೆ." ನಿಮ್ಮ ಭಾನುವಾರದ ವಾದ ಅಲ್ಲಿಗೆ ಮುಟ್ಟದಿರಲಿ!

ಗುರುವಾರದ_ಓದು:
ನಿಮ್ಮ ಹಿರಿಯರು ಹೇಳಿದ್ದು ಅದ್ವೈತದ ಮಟ್ಟಿಗೆ ಸರಿ. ಪ್ರವಚನದಲ್ಲಿ ಕೇಳಿದ್ದು ಶಾಸ್ತ್ರದ ಲೆಕ್ಕದಲ್ಲಿ ಸಡಿಲ ಮಾತು.

ಅದ್ವೈತದಲ್ಲಿ ಅನಿರ್ವಚನೀಯ ಅಂದರೆ "ವರ್ಣಿಸಲಾಗದಷ್ಟು ದೊಡ್ಡದು" ಅಂತಲ್ಲ. ಇದೆ ಅಂತಲೂ ತೀರ್ಮಾನಿಸಲು ಆಗದ್ದು, ಇಲ್ಲ ಅಂತಲೂ ತೀರ್ಮಾನಿಸಲು ಆಗದ್ದು. ಕಪ್ಪೆಚಿಪ್ಪು ದೂರದಿಂದ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಆ ಬೆಳ್ಳಿ ನಿಜವಾಗಿ ಇದ್ದಿದ್ದರೆ ಹತ್ತಿರ ಹೋದಾಗ ಮಾಯವಾಗಬಾರದಿತ್ತು. ಏನೂ ಇಲ್ಲದಿದ್ದರೆ ಕಣ್ಣಿಗೆ ಕಾಣಬಾರದಿತ್ತು. ಎರಡೂ ಅಲ್ಲದ ಈ ಸ್ಥಿತಿಗೆ ಸದಸದ್ವಿಲಕ್ಷಣ ಅಂತ ಹೆಸರು. ಅನಿರ್ವಚನೀಯ ಅಂದರೆ ಇದೇ. ಮಾಯೆಗೂ ಜಗತ್ತಿಗೂ ಈ ಮಾತು ಒಪ್ಪುತ್ತದೆ. ಬ್ರಹ್ಮಕ್ಕೆ ಒಪ್ಪುವುದಿಲ್ಲ. ಬ್ರಹ್ಮ ಸತ್ ಅಂತ ಖಡಾಖಂಡಿತವಾಗಿ ಹೇಳಿಯಾಗಿದೆಯಲ್ಲ.

ಹಾಗಾದರೆ ಬ್ರಹ್ಮ ಮಾತಿಗೆ ಸಿಗುತ್ತದಾ? ಅದೂ ಇಲ್ಲ. ಆದರೆ ಕಾರಣ ಬೇರೆ. ಗೀತೆ 13.12ರಲ್ಲಿ "ನ ಸತ್ತನ್ನಾಸದುಚ್ಯತೇ" ಅಂತ ಬರುತ್ತದೆ, ಅದನ್ನು ಸತ್ ಅಂತಲೂ ಹೇಳುವುದಿಲ್ಲ, ಅಸತ್ ಅಂತಲೂ ಹೇಳುವುದಿಲ್ಲ ಅಂತ. ಅದರ ಭಾಷ್ಯದಲ್ಲಿ ಶಂಕರರು ಶಬ್ದ ಕೆಲಸ ಮಾಡುವ ದಾರಿಗಳನ್ನು ಹೇಳುತ್ತಾರೆ. ಹಸು, ಕುದುರೆ ಅಂದಾಗ ಜಾತಿಯಿಂದ ತಿಳಿಯುತ್ತದೆ. ಅಡುಗೆ ಮಾಡುತ್ತಾನೆ, ಓದುತ್ತಾನೆ ಅಂದಾಗ ಕ್ರಿಯೆಯಿಂದ. ಬಿಳಿ, ಕಪ್ಪು ಅಂದಾಗ ಗುಣದಿಂದ. ಹಣವಂತ, ದನಕರು ಇರುವವನು ಅಂದಾಗ ಸಂಬಂಧದಿಂದ. ಬ್ರಹ್ಮಕ್ಕೆ ಜಾತಿಯಿಲ್ಲ, ಕ್ರಿಯೆಯಿಲ್ಲ, ಗುಣವಿಲ್ಲ, ಎರಡನೆಯದೇ ಇಲ್ಲದಿರುವಾಗ ಸಂಬಂಧವೂ ಇಲ್ಲ. ಹಾಗಾಗಿ ಶಬ್ದ ನೇರವಾಗಿ ಅದನ್ನು ಹೇಳಲಾರದು. ನನಗೆ ಈ ಭಾಷ್ಯ ತುಂಬ ಇಷ್ಟ. ಭಾವುಕತೆ ಒಂದು ಚೂರೂ ಇಲ್ಲ. ಮಾತು ಎಲ್ಲಿ ಸೋಲುತ್ತದೆ, ಯಾಕೆ ಸೋಲುತ್ತದೆ ಅನ್ನುವ ಲೆಕ್ಕ ಅಷ್ಟೇ.

ಮತ್ತೆ ಉಪನಿಷತ್ತು ಓದುವುದು ಯಾಕೆ ಅಂತ ಕೇಳಬಹುದು. ಅದಕ್ಕೆ ತೈತ್ತಿರೀಯ ಭಾಷ್ಯದಲ್ಲಿ ಉತ್ತರವಿದೆ. "ಸತ್ಯಂ ಜ್ಞಾನಮನಂತಂ ಬ್ರಹ್ಮ" ಅನ್ನುವಲ್ಲಿ ಆ ಪದಗಳು ಬ್ರಹ್ಮವನ್ನು ನೇರವಾಗಿ ಹೇಳುವುದಿಲ್ಲ, ಅದರ ಕಡೆಗೆ ಬೆರಳು ತೋರಿಸುತ್ತವೆ. ಲಕ್ಷ್ಯತೇ, ನ ತು ಉಚ್ಯತೇ. ಅವಾಚ್ಯ, ಆದರೆ ಲಕ್ಷ್ಯ.

ಹೊಳೆದಂಡೆ:
ತುಂಬ ಉಪಕಾರವಾಯಿತು ಸರ್. ಹಿರಿಯರಿಗೆ ಇದನ್ನು ತೋರಿಸಿದರೆ ಮುಂದಿನ ವಾರ ಎದೆಯುಬ್ಬಿಸಿ ಕೂರುತ್ತಾರೆ. ಆದರೆ ನಾರದರ ಗತಿ ಏನು? ಪ್ರೇಮವೂ ಚಿಪ್ಪಿನ ಬೆಳ್ಳಿಯಾ?

ಅಕ್ಕರೆಯ_ಓದುಗಿ:
ಅಯ್ಯೋ, ಅಲ್ಲ. ನಾರದ ಸೂತ್ರ ಅದ್ವೈತದ ಪರಿಭಾಷೆಯಲ್ಲಿ ಮಾತಾಡುತ್ತಿಲ್ಲ. ಮುಂದಿನ ಸೂತ್ರ ನೋಡಿ, "ಮೂಕಾಸ್ವಾದನವತ್." ಮೂಗ ರುಚಿ ನೋಡಿದ ಹಾಗೆ. ಮೂಗನಿಗೆ ರುಚಿ ಇದೆಯೋ ಇಲ್ಲವೋ ಅನ್ನುವ ಅನುಮಾನವೇ ಇಲ್ಲ. ಬಾಯಿ ತುಂಬ ಇದೆ. ಹೇಳಲಿಕ್ಕೆ ಮಾತ್ರ ಆಗುತ್ತಿಲ್ಲ.

ಅಂದರೆ ಗುರುವಾರದ ಓದು ಅವರು ಹೇಳಿದ ಎರಡರ ಜೊತೆಗೆ ಇದು ಮೂರನೆಯದು. ಚಿಪ್ಪಿನ ಬೆಳ್ಳಿಯಲ್ಲಿ ತೊಡಕು ಇರುವುದು ಅದು ಇದೆಯಾ ಇಲ್ಲವಾ ಅನ್ನುವುದರಲ್ಲಿ. ಬ್ರಹ್ಮದಲ್ಲಿ ತೊಡಕು ಶಬ್ದಕ್ಕೆ ಹಿಡಿಯಲು ಏನೂ ಸಿಗದಿರುವುದರಲ್ಲಿ. ಇಲ್ಲಿ ತೊಡಕು ಅನುಭವಿಸಿದವನಿಂದ ಇನ್ನೊಬ್ಬನಿಗೆ ದಾಟಿಸುವುದರಲ್ಲಿ. ನನ್ನ ಓದಿನಲ್ಲಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಮೂರಕ್ಕೂ "ಅದೆಲ್ಲ ಮಾತಿಗೆ ಮೀರಿದ್ದು ಬಿಡಿ" ಅಂತ ಒಂದೇ ಷರಾ ಬರೆದು ಮುಗಿಸುತ್ತಾರೆ.

ಉಪನಿಷತ್ತುಗಳಲ್ಲೂ ಹೆಚ್ಚಿನ ಕಡೆ ಮಾತು ಹಿಂದೆ ಬರುವುದು ಬ್ರಹ್ಮದಿಂದ. ಕೇನದಲ್ಲಿ "ನ ತತ್ರ ಚಕ್ಷುರ್ಗಚ್ಛತಿ ನ ವಾಗ್ಗಚ್ಛತಿ ನೋ ಮನಃ", ಅಲ್ಲಿಗೆ ಕಣ್ಣು ಹೋಗದು, ಮಾತು ಹೋಗದು, ಮನಸ್ಸೂ ಹೋಗದು. ಮಾಂಡೂಕ್ಯದ 7ನೇ ಮಂತ್ರದಲ್ಲಿ ಅಗ್ರಾಹ್ಯ, ಅಲಕ್ಷಣ, ಅಚಿಂತ್ಯ, ಅವ್ಯಪದೇಶ್ಯ ಅಂತ ಸಾಲು ಸಾಲು. ಅವೆಲ್ಲ ತುರೀಯಕ್ಕೆ, ಅಂದರೆ ಎಚ್ಚರ, ಕನಸು, ನಿದ್ದೆ ಮೂರನ್ನೂ ಮೀರಿದ ನಾಲ್ಕನೆಯದಕ್ಕೆ ಹೇಳಿದ್ದು, ತುರೀಯ ಕಂಡವನ ಖುಷಿಗೆ ಅಲ್ಲ. ಅನುಭವವೇ ವರ್ಣನೆಗೆ ಸಿಗದು ಅಂತ ನೇರವಾಗಿ ಹೇಳುವ ಮಾತು ಬೇಕಾದರೆ ಮೈತ್ರಾಯಣೀಯ ಉಪನಿಷತ್ತಿನ 6.34 ನೋಡಿ. ಸಮಾಧಿಯಲ್ಲಿ ಕೊಳೆ ತೊಳೆದುಹೋದ ಚಿತ್ತ ಆತ್ಮದಲ್ಲಿ ನೆಲೆಸಿದಾಗ ಆಗುವ ಸುಖವನ್ನು "ನ ಶಕ್ಯತೇ ವರ್ಣಯಿತುಂ ಗಿರಾ", ಮಾತಿನಿಂದ ಬಣ್ಣಿಸಲು ಆಗದು. ಅದನ್ನು ಅಂತಃಕರಣ ತಾನೇ ಹಿಡಿಯಬೇಕು ಅನ್ನುತ್ತದೆ. ನೀವು ಕೇಳಿದ ಸ್ವಸಂವೇದ್ಯ ಇದರ ಹತ್ತಿರದ್ದು. ಕವಿ ಭರ್ತೃಹರಿಯ ನೀತಿಶತಕದ ಮೊದಲ ಪದ್ಯದಲ್ಲಿ "ಸ್ವಾನುಭೂತ್ಯೇಕಮಾನಾಯ" ಅಂತ ಬರುತ್ತದಲ್ಲ, ಸ್ವಂತ ಅನುಭವವೊಂದೇ ಅದಕ್ಕೆ ಪ್ರಮಾಣ ಅಂತ, ಅದೂ ಇದೇ ಜಾಡು.

ಇನ್ನೊಂದು ತಮಾಷೆ. ಹೇಳಲಾಗದು ಅಂದ ನಾರದರು ಮೂರೇ ಸೂತ್ರ ಆದಮೇಲೆ 54ರಲ್ಲಿ ಹೇಳಿಯೇ ಬಿಡುತ್ತಾರೆ. ಗುಣರಹಿತ, ಕಾಮನಾರಹಿತ, ಕ್ಷಣಕ್ಷಣಕ್ಕೂ ಬೆಳೆಯುವಂಥದ್ದು, ನಡುವೆ ಕಡಿಯದ್ದು, ತುಂಬ ಸೂಕ್ಷ್ಮ, ಅನುಭವರೂಪ. ಸುಮ್ಮನಿರಲು ಯಾರಿಗೂ ಆಗುವುದಿಲ್ಲ!

ಸುಮ್ನೆ_ಕೇಳ್ತೀನಿ:
ಬೇಜಾರು ಮಾಡಿಕೊಳ್ಳಬೇಡಿ, ಒಂದು ಒರಟು ಪ್ರಶ್ನೆ. ಹೇಳಲು ಆಗದ್ದು ಅಂದುಬಿಟ್ಟರೆ ಯಾರೂ ಏನೂ ಕೇಳುವ ಹಾಗಿಲ್ಲ. ಇದೊಂದು ತಪ್ಪಿಸಿಕೊಳ್ಳುವ ದಾರಿ ಅಲ್ವಾ? ನಾಳೆ ನಾನೂ ಕಣ್ಣು ಮುಚ್ಚಿ ಕೂತು "ಅವಾಙ್ಮನಸಗೋಚರ" ಅಂದರೆ ನಿಮ್ಮ ಬಳಿ ಅಳತೆಗೋಲು ಏನಿದೆ?

ಉಡುಪಿ_ಕಡೆಯವ:
ಮಾರಾಯ್ರೇ, ನಿಮ್ಮ ಪ್ರಶ್ನೆಗೆ ಏಳು ಶತಮಾನದ ಹಿಂದೆಯೇ ನಮ್ಮೂರಿನವರು ಉತ್ತರ ಬರೆದಿದ್ದಾರೆ. ಬ್ರಹ್ಮಸೂತ್ರ 1.1.5, "ಈಕ್ಷತೇರ್ನಾಶಬ್ದಮ್." ಶಂಕರರ ಪ್ರಕಾರ ಇಲ್ಲಿ ಅಶಬ್ದ ಅಂದರೆ ಸಾಂಖ್ಯರ ಪ್ರಧಾನ, ಅಂದರೆ ಜಡವಾದ ಮೂಲ ಪ್ರಕೃತಿ, ವೇದದಲ್ಲಿ ಹೇಳದ್ದು. ಜಗತ್ತಿಗೆ ಅದು ಕಾರಣವಲ್ಲ, ಯಾಕೆಂದರೆ ಕಾರಣವಾದದ್ದು "ನೋಡಿತು" ಅಂತ ಶ್ರುತಿಯಿದೆ. ಮಧ್ವಾಚಾರ್ಯರು ಅದೇ ಸೂತ್ರವನ್ನು ಪೂರ್ತಿ ಬೇರೆ ರೀತಿ ಓದುತ್ತಾರೆ. ಬ್ರಹ್ಮ ಅಶಬ್ದವಲ್ಲ, ಅಂದರೆ ಮಾತಿಗೆ ನಿಲುಕದ್ದಲ್ಲ. ಯಾಕೆ? ಅದನ್ನು ಕಾಣುತ್ತಾರೆ ಅಂತ ಪ್ರಶ್ನೋಪನಿಷತ್ತೇ ಹೇಳುತ್ತದೆ, "ಪುರಿಶಯಂ ಪುರುಷಮೀಕ್ಷತೇ." ಕಾಣಬಹುದಾದರೆ ಹೇಳಲೂ ಬಹುದು. ವೇದವೆಲ್ಲ ಅದನ್ನೇ ಹೇಳುತ್ತಿರುವಾಗ ಅದು ಅವಾಚ್ಯ ಅಂದರೆ ವೇದಕ್ಕೇ ಕೆಲಸವಿಲ್ಲದ ಹಾಗೆ ಆಯಿತು.

ಹಾಗಾದರೆ "ಯತೋ ವಾಚೋ ನಿವರ್ತಂತೇ", ಎಲ್ಲಿಂದ ಮಾತುಗಳು ಹಿಂದೆ ಬರುತ್ತವೋ ಅನ್ನುವ ಶ್ರುತಿ? ಅದಕ್ಕೂ ಆಚಾರ್ಯರು ಅಲ್ಲೇ ಉತ್ತರ ಕೊಡುತ್ತಾರೆ. ಮೇರು ಪರ್ವತವನ್ನು ನೋಡಿದವರೂ ಪೂರ್ತಿ ನೋಡಿರುವುದಿಲ್ಲ. ಹಾಗಂತ ನೋಡಿಯೇ ಇಲ್ಲ ಅನ್ನಲಾಗದು. ಇಂಥದ್ದೇ, ಇಷ್ಟೇ ಅಂತ ಪೂರ್ತಿಯಾಗಿ ಹೇಳಲು ಆಗದು ಅನ್ನುವುದೇ ಅವಾಚ್ಯದ ಅರ್ಥ. ಅನಿರ್ವಚನೀಯವನ್ನಂತೂ ದ್ವೈತ ಒಪ್ಪುವುದೇ ಇಲ್ಲ. ಚಿಪ್ಪಿನಲ್ಲಿ ಕಂಡ ಬೆಳ್ಳಿ ಇರಲೇ ಇಲ್ಲ. ಅಸತ್ತು. ಕಥೆ ಮುಗಿಯಿತು.

ಗುರುವಾರದ_ಓದು:
ಉಡುಪಿಯವರೇ, ಕಥೆ ಅಷ್ಟು ಬೇಗ ಮುಗಿಯಲಿಲ್ಲವಲ್ಲ. ವಿಜಯನಗರದ ಕಾಲದಲ್ಲಿ ವ್ಯಾಸತೀರ್ಥರು ನ್ಯಾಯಾಮೃತದಲ್ಲಿ ಅನಿರ್ವಚನೀಯವನ್ನು ಎಳೆ ಎಳೆಯಾಗಿ ಬಿಡಿಸಿ ಖಂಡಿಸಿದರು. ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಅದಕ್ಕೆ ಒಂದೊಂದಾಗಿ ಉತ್ತರ ಬರೆದರು. ಇಲ್ಲದ ಬೆಳ್ಳಿ ಕಂಡಿದ್ದು ಹೇಗೆ ಅನ್ನುವುದು ಇವತ್ತಿಗೂ ನಿಮ್ಮ ಕಡೆ ಬಾಕಿ ಇರುವ ಪ್ರಶ್ನೆ.

ಉಡುಪಿ_ಕಡೆಯವ:
ಇದ್ದ ಚಿಪ್ಪು ಇಲ್ಲದ ಬೆಳ್ಳಿಯಾಗಿ ಕಂಡಿತು. ಅಭಿನವಾನ್ಯಥಾಖ್ಯಾತಿ ಅಂತ ಹೆಸರೂ ಇದೆ, ವಿವರವೂ ಇದೆ. ಬಾಕಿ ಏನೂ ಇಲ್ಲ :)

ಮೇಲುಕೋಟೆ_ಮೊಮ್ಮಗ:
ಇಬ್ಬರ ಜಗಳದಲ್ಲಿ ನಮ್ಮ ರಾಮಾನುಜರನ್ನು ಮರೆತಿರಿ. ಅವರ ಬ್ರಹ್ಮಸೂತ್ರದ ವ್ಯಾಖ್ಯಾನವಾದ ಶ್ರೀಭಾಷ್ಯದಲ್ಲಿ ಅದ್ವೈತಿಗಳ ಅವಿದ್ಯೆಯ ಮೇಲೆ ಏಳು ಆಕ್ಷೇಪಗಳಿವೆ. ಅದರಲ್ಲಿ ಒಂದು ಈ ಅನಿರ್ವಚನೀಯತ್ವದ ಮೇಲೆಯೇ. ನಮಗೆ ತಿಳಿಯುವುದೆಲ್ಲ ಇದೆ ಅಂತಲೋ ಇಲ್ಲ ಅಂತಲೋ ತಿಳಿಯುತ್ತದೆ, ಎರಡೂ ಅಲ್ಲದ್ದು ಯಾರಿಗೆ ಯಾವಾಗ ತಿಳಿದಿದೆ ಅನ್ನುವುದು ಅವರ ಪ್ರಶ್ನೆ.

ಆದರೆ ನನಗೆ ಅದಕ್ಕಿಂತ ಸೊಗಸಾಗಿ ಕಾಣುವುದು "ಯತೋ ವಾಚಃ" ಬಗ್ಗೆ ಅವರು ಹೇಳುವುದು. ಆ ಸಾಲನ್ನು ಜನ ಕಿತ್ತು ಒಂಟಿಯಾಗಿ ಹೇಳುತ್ತಾರೆ. ಅದು ಎಲ್ಲಿ ಬರುತ್ತದೆ ನೋಡಿ. ತೈತ್ತಿರೀಯ 2.8ರಲ್ಲಿ ಆನಂದದ ಲೆಕ್ಕ ಹಾಕುತ್ತಾರೆ. ಒಳ್ಳೆಯ ಹರೆಯ, ಓದು, ಗಟ್ಟಿ ದೇಹ, ಕೈಯಲ್ಲಿ ಭೂಮಿಯ ಎಲ್ಲ ಸಂಪತ್ತು ಇರುವವನ ಆನಂದ ಒಂದು ಅಳತೆ. ಅದರ 100 ಪಟ್ಟು ಮನುಷ್ಯಗಂಧರ್ವರದು. ಅದರ 100 ಪಟ್ಟು ದೇವಗಂಧರ್ವರದು. ಹೀಗೆ ಪಿತೃಗಳು, ಮೂರು ಬಗೆಯ ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ ದಾಟಿ ಬ್ರಹ್ಮದ ಆನಂದಕ್ಕೆ ಬರುವಾಗ 10 ಸಲ ನೂರರಿಂದ ಗುಣಿಸಿರುತ್ತೀರಿ. ಒಂದರ ಮುಂದೆ 20 ಸೊನ್ನೆ. ಅಷ್ಟೆಲ್ಲ ಎಣಿಸಿದ ಮೇಲೆ 2.9ರಲ್ಲಿ ಮಾತು, ಮನಸ್ಸು ಎರಡೂ ಮುಟ್ಟಲಾರದೆ ಹಿಂದೆ ಬಂದವು ಅಂತ ಬರುತ್ತದೆ. ರಾಮಾನುಜರ ಪ್ರಕಾರ ಮಾತು ಸೋತಿದ್ದು ಅಲ್ಲಿ ಗುಣವೇ ಇಲ್ಲ ಅಂತ ಅಲ್ಲ. ಆನಂದಕ್ಕೆ ಇಷ್ಟೇ ಅನ್ನುವ ಮಿತಿ ಸಿಗಲಿಲ್ಲ ಅಂತ. ಖಾಲಿ ಇದ್ದು ಸೋಲುವುದಕ್ಕೂ ತುಂಬಿದ್ದು ಸೋಲುವುದಕ್ಕೂ ಬಹಳ ವ್ಯತ್ಯಾಸವಿದೆ ಅಲ್ವಾ?

ಹೀಗಲ್ಲ, ಹೀಗಲ್ಲ ಅನ್ನುವ "ನೇತಿ ನೇತಿ"ಗೂ ಅದೇ ದಾರಿ. ಬ್ರಹ್ಮಸೂತ್ರವೇ "ಪ್ರಕೃತೈತಾವತ್ತ್ವಂ ಹಿ ಪ್ರತಿಷೇಧತಿ" ಅನ್ನುತ್ತದೆ. ಅಲ್ಲಗಳೆದದ್ದು ಏತಾವತ್ತ್ವವನ್ನು, ಇಷ್ಟೇ ಅನ್ನುವುದನ್ನು. ಅದೇ ಸೂತ್ರ "ತತೋ ಬ್ರವೀತಿ ಚ ಭೂಯಃ" ಅಂತ ಮುಗಿಯುತ್ತದೆ. ಅಲ್ಲ ಅಂದಮೇಲೆ ಶ್ರುತಿ ಮತ್ತೂ ಹೇಳುತ್ತಲೇ ಹೋಗುತ್ತದೆ.

ವ್ಯಾಕರಣದ_ಹುಳ:
ಸುಮ್ನೆ ಕೇಳ್ತೀನಿ ಅವರ ಪ್ರಶ್ನೆ ಒರಟಲ್ಲ, ಹಳೆಯದು. ವೇದಾಂತದ ಹೊರಗೂ ಬಂದಿದೆ.

ವೈಯಾಕರಣ ಭರ್ತೃಹರಿ ವಾಕ್ಯಪದೀಯದಲ್ಲಿ ಇದನ್ನೇ ಹಿಡಿದು ಜಗ್ಗುತ್ತಾನೆ. ಒಂದು ವಸ್ತುವನ್ನು "ಅವಾಚ್ಯ" ಅಂದಿರಿ. ಆ ಪದದಿಂದ ಅದು ತಿಳಿಯಿತೋ ಇಲ್ಲವೋ? ತಿಳಿದಿದ್ದರೆ ಅದು ವಾಚ್ಯವೇ ಆಯಿತು. ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ದೊಡ್ಡ ಗಂಟು. ಅದೇ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಶಬ್ದ ಬೆರೆಯದ ಅರಿವೇ ಲೋಕದಲ್ಲಿ ಇಲ್ಲ ಅಂದಿದ್ದಾನೆ, "ನ ಸೋಽಸ್ತಿ ಪ್ರತ್ಯಯೋ ಲೋಕೇ ಯಃ ಶಬ್ದಾನುಗಮಾದೃತೇ." ಇದನ್ನು ಒಪ್ಪಿದರೆ ಮೂಗನ ರುಚಿಯ ಉಪಮೆಯೇ ಅಲುಗಾಡುತ್ತದೆ. ಹೊರಗೆ ಮಾತು ಬರದಿದ್ದರೂ ಒಳಗೆ ಶಬ್ದ ಇದ್ದೇ ಇದೆ.

ಇನ್ನು 9ನೇ ಶತಮಾನದ ಕಾಶ್ಮೀರದ ಆನಂದವರ್ಧನ. ಕಾವ್ಯದ ಧ್ವನಿ, ಅಂದರೆ ಪದಗಳು ನೇರವಾಗಿ ಹೇಳದೆ ಸೂಚಿಸುವ ಅರ್ಥ, ಮಾತಿಗೆ ಸಿಗದ್ದು, ಸಹೃದಯರ ಹೃದಯಕ್ಕೆ ಮಾತ್ರ ಗೊತ್ತಾಗುವಂಥದ್ದು ಅನ್ನುವವರು ಅವನ ಕಾಲದಲ್ಲೂ ಇದ್ದರು. ಧ್ವನ್ಯಾಲೋಕದ ಮೊದಲ ಕಾರಿಕೆಯಲ್ಲೇ ಅವರನ್ನು ಎದುರಾಳಿಗಳ ಸಾಲಿನಲ್ಲಿ ನಿಲ್ಲಿಸುತ್ತಾನೆ. ಆಮೇಲೆ ಹೇಳುವುದು ಏನು ಗೊತ್ತಾ? ಯಾವ ಶಬ್ದಕ್ಕೂ ಸಿಗದ್ದು ಅಂತ ಯಾವುದಕ್ಕೂ ಹೇಳಲಾಗದು, ಕೊನೆಗೆ "ಅನಾಖ್ಯೇಯ" (ಹೇಳಲಾಗದ್ದು) ಅನ್ನುವ ಶಬ್ದಕ್ಕಾದರೂ ಸಿಕ್ಕೇ ಸಿಗುತ್ತದೆ. ಸೋಮಾರಿ ಮೌನವನ್ನು ಅವನು ಸಹಿಸುವುದಿಲ್ಲ. ವಿಶ್ಲೇಷಿಸು, ಆಮೇಲೆ ಮಾತಾಡು ಅನ್ನುವ ಜನ ಇವರು.

ಮೇಲುಕೋಟೆ_ಮೊಮ್ಮಗ:
ಇದೇ ಏಟನ್ನು ರಾಮಾನುಜರ ಪರಂಪರೆಯ ವೇದಾಂತ ದೇಶಿಕರು ಅದ್ವೈತವನ್ನು ಖಂಡಿಸುವ ಶತದೂಷಣಿಯ ಮೊದಲ ವಾದದಲ್ಲೇ ಹಾಕುತ್ತಾರೆ. ಬ್ರಹ್ಮ ನಿರ್ವಿಶೇಷ, ಯಾವ ಗುಣಲಕ್ಷಣವೂ ಇಲ್ಲದ್ದು ಅನ್ನುತ್ತೀರಿ, ಹಾಗಾದರೆ "ಬ್ರಹ್ಮ" ಅನ್ನುವ ಪದವಾದರೂ ಅದನ್ನು ಹೇಗೆ ಹೇಳುತ್ತದೆ ಅಂತ.

ಗುರುವಾರದ_ಓದು:
ಏಟು ಜೋರಾಗಿಯೇ ಇದೆ. ಅದಕ್ಕೇ ಶಂಕರರು ಪದವನ್ನು ನಂಬಿ ಕೂರುವುದಿಲ್ಲ, ವಿಧಾನವನ್ನು ನಂಬುತ್ತಾರೆ. ಗೀತೆಯ ಮುಂದಿನ ಶ್ಲೋಕ 13.13ರ ಭಾಷ್ಯದಲ್ಲಿ ಸಂಪ್ರದಾಯ ಬಲ್ಲವರ ಮಾತು ಅಂತ ಒಂದು ಸಾಲು ಕೊಡುತ್ತಾರೆ. "ಅಧ್ಯಾರೋಪಾಪವಾದಾಭ್ಯಾಂ ನಿಷ್ಪ್ರಪಂಚಂ ಪ್ರಪಂಚ್ಯತೇ." ಮೊದಲು ಇಲ್ಲದ್ದನ್ನು ಬೇಕೆಂದೇ ಹೊರಿಸು, ಆಮೇಲೆ ಇಳಿಸು. ಎಲ್ಲ ಕಡೆ ಕೈಕಾಲು ಇರುವವನು ಅಂತ ಹೇಳುವುದೂ ಹೊರಿಸುವುದೇ. ಶಿಷ್ಯ ಬ್ರಹ್ಮವೇ ಇಲ್ಲ ಅಂದುಕೊಂಡುಬಿಟ್ಟಾನು ಅಂತ ಹೊರಿಸುತ್ತಾರೆ. ಹೊರಿಸಿದ್ದಕ್ಕೇ ಅಂಟಿಕೊಂಡುಬಿಟ್ಟಾನು ಅಂತ ಇಳಿಸುತ್ತಾರೆ. ಹಾಗೆ ನೋಡಿದರೆ "ಅವಾಚ್ಯ" ಅನ್ನುವ ಪದವೂ ಇಳಿಸುವಾಗ ಬಳಸುವ ಸಾಧನ ಮಾತ್ರ. ಅದನ್ನೇ ಬ್ರಹ್ಮಕ್ಕೆ ಅಂಟಿಸಿದ ವಿಶೇಷಣ ಅಂತ ತಗೊಂಡರೆ ಭರ್ತೃಹರಿಯ ಗಂಟು ಬೀಳುತ್ತದೆ.

ಬ್ರಹ್ಮಸೂತ್ರ 3.2.17ರ ಭಾಷ್ಯದಲ್ಲಿ ಒಂದು ಕಥೆಯೂ ಇದೆ. ಬಾಷ್ಕಲಿ ಅನ್ನುವವನು ಬಾಧ್ವ ಅನ್ನುವ ಗುರುವಿನ ಹತ್ತಿರ ಹೋಗಿ ಬ್ರಹ್ಮವನ್ನು ಹೇಳಿಕೊಡಿ ಅಂತ ಕೇಳಿದ. ಬಾಧ್ವ ಸುಮ್ಮನಿದ್ದ. ಮತ್ತೆ ಮತ್ತೆ ಕೇಳಿದಾಗ ಬಾಧ್ವ ಬಾಯಿ ಬಿಟ್ಟ, "ಹೇಳುತ್ತಲೇ ಇದ್ದೇವಲ್ಲ, ನಿನಗೇ ತಿಳಿಯುತ್ತಿಲ್ಲ. ಈ ಆತ್ಮ ಉಪಶಾಂತ, ಪೂರ್ತಿ ಶಾಂತವಾದದ್ದು."

ಕಾಫಿತೋಟ:
ಶಿಷ್ಯನಿಗೆ ಪಾಪ ಬೈಸಿಕೊಂಡಿದ್ದೇ ಲಾಭ.

ಸುಮ್ನೆ_ಕೇಳ್ತೀನಿ:
ಭರ್ತೃಹರಿ, ಆನಂದವರ್ಧನ ನನ್ನ ಕಡೆ ಇದ್ದಾರೆ ಅಂತ ತಿಳಿದು ಖುಷಿ. ಬಾಧ್ವರ ಉತ್ತರ ಮಾತ್ರ ಒಪ್ಪಲಾರೆ. ಸುಮ್ಮನೆ ಕೂತವರೆಲ್ಲ ಬಾಧ್ವ ಆಗುತ್ತಾರಾ?

ಅಕ್ಕರೆಯ_ಓದುಗಿ:
ಆಗುವುದಿಲ್ಲ. ಅದಕ್ಕೇ ಯೋಗಶಾಸ್ತ್ರದವರ ಮಾತು ನಿಮಗೆ ಹಿಡಿಸಬಹುದು. ಅವರು ಮೌನವನ್ನು ಹೊಗಳುವುದಿಲ್ಲ, ಹಂತ ಹೇಳುತ್ತಾರೆ. ಯೋಗಸೂತ್ರ 1.42ರಲ್ಲಿ ಶಬ್ದ, ಅರ್ಥ, ಜ್ಞಾನ ಮೂರೂ ಕಲಸಿಹೋಗಿರುವುದು ಸವಿತರ್ಕ ಸಮಾಪತ್ತಿ (ಸಮಾಪತ್ತಿ ಅಂದರೆ ಚಿತ್ತ ವಸ್ತುವಿನಲ್ಲಿ ಲೀನವಾಗುವುದು). "ಹಸು" ಅನ್ನುವ ಹೆಸರು, ಎದುರಿನ ಪ್ರಾಣಿ, ನಮ್ಮ ತಲೆಯೊಳಗಿನ ತಿಳಿವಳಿಕೆ ಬೇರೆ ಬೇರೆ. ನಾವು ಮೂರನ್ನೂ ಒಂದೇ ಅಂದುಕೊಂಡು ಬದುಕುತ್ತೇವೆ. 1.43ರಲ್ಲಿ ಸ್ಮೃತಿ ಶುದ್ಧವಾಗಿ, ಹೆಸರಿನ ನೆನಪು ಉದುರಿ, ವಸ್ತು ಮಾತ್ರ ಹೊಳೆಯುವುದು ನಿರ್ವಿತರ್ಕ. ಅಂದರೆ ಇವರ ಪ್ರಕಾರ ಶಬ್ದ ಬಿಟ್ಟ ಅರಿವು ಸಾಧ್ಯ, ಅದು ಅಭ್ಯಾಸದಿಂದ ಬರಬೇಕು. ಭರ್ತೃಹರಿಯ "ಶಬ್ದವಿಲ್ಲದ ಅರಿವಿಲ್ಲ" ಅನ್ನುವ ಮಾತಿಗೂ ಇದಕ್ಕೂ ನೇರ ಜಗಳ. ನನಗೆ ಯೋಗದವರ ಪಕ್ಷವೇ ಸರಿ ಕಾಣುತ್ತದೆ, ಆದರೆ ವ್ಯಾಕರಣದ ಹುಳ ಅವರು ಬಿಡುವುದಿಲ್ಲ ಅಂತ ಗೊತ್ತು.

ವ್ಯಾಕರಣದ_ಹುಳ:
ಬಿಡುವುದಿಲ್ಲ. ಆ ಅರಿವಿಗೆ "ನಿರ್ವಿತರ್ಕ" ಅಂತ ಹೆಸರಿಟ್ಟವರು ಯಾರು ಮೇಡಂ, ಎದ್ದು ಬಂದಮೇಲೆ ತಾನೇ?

ಧಾರವಾಡದ_ಅಂಗಳ:
ಸಂಸ್ಕೃತದ ಪದಗಳನ್ನೇ ಕೇಳಿದ್ದೀರಿ, ಆದರೂ ಅಲ್ಲಮನನ್ನು ಬಿಟ್ಟು ಈ ಚರ್ಚೆ ಕನ್ನಡದಲ್ಲಿ ಹೇಗೆ ನಡೀತದ ರೀ? ಗುಹೇಶ್ವರನ ಜೊತೆಗಿನ ಶರಣಸಂಬಂಧವನ್ನು "ಶಬ್ದದೊಳಗಣ ನಿಶ್ಶಬ್ದದಂತೆ" ಅಂತಾನೆ. ನಿಶ್ಶಬ್ದ ಇರುವುದು ಶಬ್ದದ ಆಚೆಗಲ್ಲ, ಒಳಗೆ. ಮಾತನ್ನು ಜ್ಯೋತಿರ್ಲಿಂಗ ಅಂತ ಕರೆದವನೂ ಅವನೇ. ಇಷ್ಟು ಹೊತ್ತು ಎಲ್ಲರೂ ಮಾತು ಮುಟ್ಟುತ್ತದೋ ಹಿಂದೆ ಬರುತ್ತದೋ ಅಂತ ನೋಡುತ್ತಿದ್ದಿರಿ. ಇವನು ಆ ದಾರಿಯನ್ನೇ ಒಪ್ಪುವುದಿಲ್ಲ. ಹೋಗಿ ಬರುವ ಪ್ರಶ್ನೆಯೇ ಇಲ್ಲ ಅಂತಾನೆ.

ಹೊಳೆದಂಡೆ:
ನನ್ನ ಪುಸ್ತಕ ತುಂಬಿತು! ಹಿರಿಯರಿಗೆ ಫೋನಿನಲ್ಲಿ ಓದಿ ಹೇಳಿದೆ. ನಾರದರ ಅನಿರ್ವಚನೀಯ ಬೇರೆ ಅಂತ ಒಪ್ಪಿದರು. ಆದರೆ ಜೊತೆಗೆ ಒಂದು ಮಾತು ಸೇರಿಸಿದರು. ರಾಮಕೃಷ್ಣ ಪರಮಹಂಸರು 1882ರ ಆಗಸ್ಟ್‌ನಲ್ಲಿ ಈಶ್ವರಚಂದ್ರ ವಿದ್ಯಾಸಾಗರರ ಮನೆಗೆ ಹೋಗಿದ್ದಾಗ, ವೇದ, ಪುರಾಣ, ತಂತ್ರ ಎಲ್ಲ ಬಾಯಿಗೆ ಬಂದು ಎಂಜಲಾಗಿವೆ, ಎಂಜಲಾಗದೆ ಉಳಿದದ್ದು ಬ್ರಹ್ಮ ಒಂದೇ ಅಂದರಂತೆ. ಅಷ್ಟು ದೊಡ್ಡ ಪಂಡಿತರು ಇವತ್ತು ಹೊಸದೊಂದು ಕಲಿತೆ ಅಂದರಂತೆ. ಇದು ನೀವು ಹೇಳಿದ ಯಾವ ಗುಂಪಿಗೆ ಸೇರುತ್ತದೆ?

ಅಕ್ಕರೆಯ_ಓದುಗಿ:
ಎರಡನೆಯದಕ್ಕೆ. ಅಲ್ಲಿ ಮಾತಿಗೆ ಸಿಗದ್ದು ಬ್ರಹ್ಮ. ಆದರೆ ಪರಮಹಂಸರು ಪಾರಿಭಾಷಿಕ ಪದ ಒಂದನ್ನೂ ಮುಟ್ಟದೆ ಹೇಳಿದ್ದಾರೆ, ಅದು ಹೆಚ್ಚುಗಾರಿಕೆ. ಅವಾಙ್ಮನಸಗೋಚರ ಅನ್ನುವುದು ಸದಾನಂದರ ವೇದಾಂತಸಾರದ ಮೊದಲ ಪದ್ಯದಲ್ಲೇ ಇದೆ. ಅದನ್ನು ಕೇಳಿ ವಿದ್ಯಾಸಾಗರರು ಬೆರಗಾಗುತ್ತಿರಲಿಲ್ಲ.

ಹೊಳೆದಂಡೆ:
ಸರಿ. ಮುಂದಿನ ಭಾನುವಾರ 53ಕ್ಕೆ ಹೋಗುವ ಮೊದಲು ಗೀತಾಭಾಷ್ಯದ 13.12 ಒಮ್ಮೆ ಎಲ್ಲರೂ ಸೇರಿ ಓದೋಣ ಅಂದಿದ್ದಾರೆ. ನಮ್ಮಲ್ಲಿ ಸಂಸ್ಕೃತ ಬರುವವರು ಕಡಿಮೆ. ಕನ್ನಡದಲ್ಲಿ ಯಾವುದು ಒಳ್ಳೆಯದು?

ಗುರುವಾರದ_ಓದು:
ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ್ದು ತಗೊಳ್ಳಿ. ಸಚ್ಚಿದಾನಂದೇಂದ್ರ ಸರಸ್ವತಿಗಳು ಭಾಷ್ಯಗಳನ್ನು ಕನ್ನಡಕ್ಕೆ ತಂದಿದ್ದಾರೆ. ಅಧ್ಯಾರೋಪ, ಅಪವಾದವೇ ಶಂಕರರ ಮುಖ್ಯ ವಿಧಾನ ಅಂತ ಜೀವಮಾನವಿಡೀ ಹೇಳಿದವರು ಅವರು. ಭಾಷೆ ಸ್ವಲ್ಪ ಹಳೆಯದು, ನಿಧಾನವಾಗಿ ಓದಿ.

ಮೇಲುಕೋಟೆ_ಮೊಮ್ಮಗ:
ಓದುವಾಗ ಶ್ಲೋಕದ ಪದ ಎಲ್ಲಿ ಒಡೆಯುತ್ತಾರೆ ಅಂತ ಗಮನಿಸಿ. ಶಂಕರರು "ಅನಾದಿಮತ್ ಪರಂ" ಅಂತ ಬಿಡಿಸುತ್ತಾರೆ. ರಾಮಾನುಜರು "ಅನಾದಿ ಮತ್ಪರಂ" ಅಂತ. ಶಂಕರರಿಗೆ ಇಂಥ ಬಿಡಿಸುವಿಕೆ ಗೊತ್ತಿತ್ತು, ಬೇಡ ಅಂತ ಭಾಷ್ಯದಲ್ಲೇ ಬರೆದಿದ್ದಾರೆ. ನಮ್ಮವರ ಓದಿನಲ್ಲಿ ಆ ಶ್ಲೋಕ ಹೇಳುತ್ತಿರುವುದೇ ಶುದ್ಧ ಜೀವಾತ್ಮನ ಬಗ್ಗೆ. ಸತ್ ಅಲ್ಲ, ಅಸತ್ ಅಲ್ಲ ಅಂದರೆ ಕಾರ್ಯದ ಸ್ಥಿತಿಯೂ ಅಲ್ಲ, ಕಾರಣದ ಸ್ಥಿತಿಯೂ ಅಲ್ಲ. ಮಾತಿಗೆ ಸಿಗುವ ಸಿಗದಿರುವ ಸಮಸ್ಯೆಯೇ ಅಲ್ಲಿಲ್ಲ.

ಉಡುಪಿ_ಕಡೆಯವ:
ಅಂದರೆ ಮುಂದಿನ ಭಾನುವಾರವೂ 53ಕ್ಕೆ ಹೋಗುವ ಲಕ್ಷಣ ಕಾಣುತ್ತಿಲ್ಲ.